ಭತ್ತದ ಕಾಳಿನಷ್ಟು ಸಂದು

ನಿಮ್ಮ ಅಜ್ಜನ ಅಜ್ಜನೂ ಹುಟ್ಟುವ ಮುಂಚೆ, ಏಳು ಬೆಟ್ಟಗಳ ಆಚೆ ಕಿರುಗಣಿ ಎಂಬೊಂದು ರಾಜ್ಯವಿತ್ತು. ಅಲ್ಲಿಯ ಜನರಿಗೆ ಗೊತ್ತಿದ್ದುದೆಲ್ಲ ಓಲೆಗರಿಯ ಪುಸ್ತಕಗಳಲ್ಲಿ ಬರೆದಿತ್ತು. ಒಂದು ಗರಿಯ ಅಕ್ಷರ ಅಳಿಸಿದರೆ ಸಾಕು, ಅದರಲ್ಲಿದ್ದ ಸಂಗತಿ ಎಲ್ಲರ ತಲೆಯಿಂದಲೂ ಹಾರಿಹೋಗುತ್ತಿತ್ತು. ಅಂಥ ರಾಜ್ಯಕ್ಕೆ ಅಕ್ಷರ ತಿನ್ನುವ ಮಾಂತ್ರಿಕನೊಬ್ಬ ಗಂಟುಬೀಳದೆ ಇರುತ್ತಾನೆಯೇ? ಬಿದ್ದ. ಅವನ ಹೆಸರು ಕೊರೆಗಾಲ. ಹುಳುವಿನ ರೂಪದಲ್ಲಿ ತೆವಳಿಕೊಂಡು ಬರುತ್ತಿದ್ದ.

ಅವನನ್ನು ತಡೆಯಲು ಒಂದೇ ದಾರಿ. ನಾಲ್ಕು ಮೂಲೆಯೂ ಸರಿಯಾಗಿ ಕೂತ ಬಾಗಿಲಿನ ಹತ್ತಿರ ಅವನ ಮಾಯೆ ನಡೆಯುತ್ತಿರಲಿಲ್ಲ. ಅದಕ್ಕೇ ರಾಣಿ ಹೊನ್ನಾಜಮ್ಮಣ್ಣಿ ಬಡಗಿ ಮೋನಪ್ಪಾಚಾರಿಯನ್ನು ಕರೆಸಿ, "ಆಚಾರಿ, ಪುಸ್ತಕಗಳಿಗೊಂದು ಕಪಾಟು ಮಾಡು" ಎಂದಳು.

ಮೋನಪ್ಪ ಬೀಟೆ ಮರ ತಂದ, ಕೊಯ್ದ, ಕೀಸಿದ, ಏಳು ಅಡ್ಡಹಲಗೆ ಕೂರಿಸಿದ. ಇನ್ನು ಬಾಗಿಲಿನ ಚೌಕಟ್ಟು. ಬೆಣೆ ಹೊಡೆಯುವ ಮುಂಚೆ ಮೂಲೆಯಿಂದ ಎದುರು ಮೂಲೆಗೆ ದಾರ ಹಿಡಿಯಬೇಕು, ಉಳಿದೆರಡು ಮೂಲೆಗೂ ಹಿಡಿಯಬೇಕು. ಎರಡೂ ಅಳತೆ ಸಮ ಬಂದರೆ ಚೌಕಟ್ಟು ಸರಿ. ಅವನ ಮನೆತನದವರೆಲ್ಲ ಹಾಗೇ ಮಾಡಿದವರು. ಈ ಮಹಾಶಯ ಮಾತ್ರ, "ನನ್ನ ಕಣ್ಣೇ ದಾರ" ಎಂದು ಬೆಣೆ ಹೊಡೆದೇಬಿಟ್ಟ. ಬಾಗಿಲು ಹಾಕಿ ನೋಡಿದರೆ ಕೆಳಮೂಲೆಯಲ್ಲಿ ಭತ್ತದ ಕಾಳಿನಷ್ಟು ಸಂದು!

ಬಿಚ್ಚಿ ಮತ್ತೆ ಕಟ್ಟಬಹುದಿತ್ತು. ಕಟ್ಟಲಿಲ್ಲ. ಮರದ ಹೊಟ್ಟಿಗೆ ಅಂಟು ಕಲಸಿ ಸಂದಿಗೆ ಮೆತ್ತಿದ, ಅದರ ಮೇಲೊಂದು ಬಳ್ಳಿ ಬರೆದ. ಗ್ರಹಚಾರ ನೋಡಿ, ರಾಣಿಗೆ ಎಲ್ಲಕ್ಕಿಂತ ಆ ಬಳ್ಳಿಯೇ ಹಿಡಿಸಿತು. "ಎಂಥ ಕೈಯಪ್ಪಾ ನಿನ್ನದು!" ಎಂದು ಚಿನ್ನದ ಕಡಗ ತೊಡಿಸಿದಳು. ಮೋನಪ್ಪನಿಗೆ ತಲೆ ಎತ್ತಲಾಗಲಿಲ್ಲ. ಜನ ಅದನ್ನು ವಿನಯ ಎಂದುಕೊಂಡರು.

ಕೊರೆಗಾಲನ ಹಲ್ಲಿಗೆ ಬೀಟೆ ಬಗ್ಗಲಿಲ್ಲ, ಹೊಟ್ಟು ಬಗ್ಗಿತು. ಬಳ್ಳಿಯ ಬುಡ ಕೊರೆದು ಒಳಗೆ ಹೋದ.

ಮೊದಲನೆಯ ದಿನ ಊರಿಗೆ ಊರೇ ಹೋಳಿಗೆ ಮಾಡುವುದನ್ನು ಮರೆಯಿತು. ರಾಣಿ ಸಭೆಯಲ್ಲಿ ಕೇಳಿದಳು, "ಹುಳು ಹೊಕ್ಕಿದ್ದು ಎಲ್ಲಿಂದ? ಯಾರಿಗಾದರೂ ಗೊತ್ತೇ?" ಮೋನಪ್ಪನಿಗೆ ಗೊತ್ತಿತ್ತು. ಕಡಗವನ್ನು ಅಂಗಿಯ ತೋಳಿನೊಳಗೆ ಸರಿಸಿಕೊಂಡ.

ಎರಡನೆಯ ದಿನ ಜೋಗುಳಗಳೆಲ್ಲ ಮರೆತುಹೋದವು. ತೊಟ್ಟಿಲಲ್ಲಿ ಕೂಸುಗಳು ಅತ್ತೇ ಅತ್ತವು. ರಾಣಿ ಮತ್ತೆ ಕೇಳಿದಳು. ಮೋನಪ್ಪ ಎದ್ದು ನಿಂತ, ಬಾಯಿ ತೆರೆದ, "ಕೆಮ್ಮು ಮಹಾತಾಯಿ" ಎಂದು ಕೂತುಬಿಟ್ಟ. ಥೂ, ತನಗೆ ತಾನೇ ಹೇಸಿಕೊಂಡ.

ಮೂರನೆಯ ದಿನ ತಾಯಂದಿರಿಗೆ ತಮ್ಮ ಮಕ್ಕಳ ಹೆಸರೇ ಮರೆತುಹೋಯಿತು. ರಾಣಿಗೂ ಮರೆತುಹೋಯಿತು. ಸಿಟ್ಟಿನಿಂದ ಅವಳು ಕಪಾಟು ಕಾಯುವ ತಿಪ್ಪಜ್ಜಿಯನ್ನು ಕರೆಸಿದಳು. ದಿನಾ ಬಾಗಿಲು ತೆಗೆದು ಹಾಕುವವಳು ಅವಳೇ.

"ಬಾಗಿಲು ಹಾಕದೆ ಹೋದೆಯಾ, ಅಜ್ಜಿ? ನಿಜ ಹೇಳು. ತಪ್ಪು ನಿನ್ನದಾದರೆ ಈಗಲೇ ಗಡಿ ದಾಟಬೇಕು."

ತಿಪ್ಪಜ್ಜಿ ತನ್ನ ಕೈಗಳನ್ನೇ ನೋಡಿಕೊಂಡಳು. "ಹಾಕಿದ್ದೆ ಅಂದ್ಕೊಂಡಿದ್ದೆ ಕಣ್ ತಾಯಿ. ವಯಸ್ಸಾಯ್ತಲ್ಲ, ಮರೆತೆನೋ ಏನೋ. ಎಳೆ ಕೂಸುಗಳನ್ನ ಅಳಿಸಿಬಿಟ್ಟೆ. ನಾಚಿಕೆ ಆಗ್ತದೆ. ಹೋಗ್ತೀನಿ ಬಿಡಿ."

ಮೋನಪ್ಪ ಎದ್ದ. ತಾನು ಪಡಬೇಕಾದ ನಾಚಿಕೆಯನ್ನು ಏನೂ ಮಾಡದ ಮುದುಕಿ ಪಡುತ್ತಿದ್ದಾಳೆ! ಕಡಗ ಕಿತ್ತು ರಾಣಿಯ ಕಾಲ ಬಳಿ ಇಟ್ಟ.

"ಅಜ್ಜಿ ಬಾಗಿಲು ಹಾಕಿದ್ದಳು, ಮಹಾತಾಯಿ. ಬಾಗಿಲೇ ಸೊಟ್ಟ. ದಾರ ಹಿಡಿಯದೆ ಕಟ್ಟಿದವನು ನಾನು. ನೀವು ಮೆಚ್ಚಿದ ಬಳ್ಳಿಯ ಹಿಂದೆ ಇರುವುದು ಬರೀ ಹೊಟ್ಟು. ಮೂರು ದಿನದಿಂದ ಗೊತ್ತಿದ್ದೂ ಬಾಯಿ ಬಿಡಲಿಲ್ಲ."

ರಾಣಿ, "ಹಾಗಿದ್ದರೆ ಎಲ್ಲರ ಎದುರಿಗೇ ಸರಿಮಾಡು" ಎಂದಳು.

ಮೋನಪ್ಪ ಕಪಾಟಿನ ಮುಂದೆ ನಿಂತು ದಾರದ ಒಂದು ತುದಿಯನ್ನು ತಿಪ್ಪಜ್ಜಿಯ ಕೈಗೆ ಕೊಟ್ಟ. ಮೂಲೆಯಿಂದ ಮೂಲೆಗೆ ಹಿಡಿದರು. ಒಂದು ಅಳತೆ ಉದ್ದ, ಇನ್ನೊಂದು ಗಿಡ್ಡ, ಇಡೀ ಸಭೆ ನೋಡಿತು. ಅವನ ಕಿವಿಯವರೆಗೂ ಬಿಸಿಯೇರಿತು. ಉಳಿಯಿಂದ ಬಳ್ಳಿ ಕೆರೆದ, ಬೆಣೆ ಬಿಚ್ಚಿದ, ಚೌಕಟ್ಟು ತಟ್ಟಿ ತಟ್ಟಿ ಕೂರಿಸಿದ. ಅಕ್ಷರ ತಿಂದು ಕೊಬ್ಬಿದ್ದ ಕೊರೆಗಾಲ ಇದಾವುದರ ಪರಿವೆಯಿಲ್ಲದೆ ಕೆಳಗಿನ ಹಲಗೆಯ ಮೇಲೆ ಗೊರಕೆ ಹೊಡೆಯುತ್ತಿದ್ದ. ಮತ್ತೆ ದಾರ ಹಿಡಿದರು. "ಸಮ ಬಂತು ಕಣಪ್ಪಾ!" ಎಂದು ಅಜ್ಜಿ ಕೂಗಿದಳು. ಮೋನಪ್ಪ ಬೆಣೆ ಹೊಡೆದು ಬಾಗಿಲು ಹಾಕಿದ.

ಅಷ್ಟೇ. ಕೊರೆಗಾಲನ ಮಾಯೆ ಇಳಿಯಿತು. ತಿಂದ ಅಕ್ಷರಗಳೆಲ್ಲ ಅವನ ಬಾಯಿಂದ ಹೊರಬಿದ್ದು ತಂತಮ್ಮ ಗರಿಗೆ ಹೋಗಿ ಕೂತವು. ಬಾಗಿಲು ತೆಗೆದಾಗ ಉಳಿದಿದ್ದು ಒಂದು ಸಾದಾ ಹುಳು. ಅದನ್ನು ಅಜ್ಜಿಯ ಕೋಳಿ ತಿಂದು ಮುಗಿಸಿತು. ಊರಿನ ತುಂಬ ತಾಯಂದಿರು ಮಕ್ಕಳ ಹೆಸರು ಹಿಡಿದು ಕೂಗಿದ್ದೇ ಕೂಗಿದ್ದು!

ರಾಣಿ ಅಜ್ಜಿಯ ಕೈ ಹಿಡಿದು ತಪ್ಪಾಯಿತೆಂದಳು, ಕಡಗವನ್ನು ಅವಳಿಗೇ ತೊಡಿಸಿದಳು. "ಕೆರೆದ ಜಾಗದಲ್ಲಿ ಇನ್ನೊಂದು ಬಳ್ಳಿ ಬರೆ" ಎಂದಾಗ ಮೋನಪ್ಪ, "ಬೇಡ ಮಹಾತಾಯಿ, ಗಾಯ ಕಾಣಲಿ" ಎಂದ.

ಅಲ್ಲಿಂದಾಚೆ ಕಿರುಗಣಿಯಲ್ಲಿ ಹೋಳಿಗೆಗೂ ಕೊರತೆಯಿಲ್ಲ, ಜೋಗುಳಕ್ಕೂ ಕೊರತೆಯಿಲ್ಲ, ಎಲ್ಲರೂ ನಗುನಗುತ್ತಾ ಬಾಳಿದರು. ಮೋನಪ್ಪನೂ ಬಾಳಿದ. ಆದರೆ ದಿನಾ ಸಂಜೆ ತಿಪ್ಪಜ್ಜಿ ಕಪಾಟಿನ ಬಾಗಿಲು ಎಳೆದು, ಬೀದಿಗೆಲ್ಲ ಕೇಳುವಂತೆ, "ಹಾಕಿದೀನಿ ನೋಡಪ್ಪಾ ಮೋನಪ್ಪಾ!" ಎಂದು ಕೂಗುತ್ತಿದ್ದಳು. ದಿನಾ ಸಂಜೆ ಅವನು ಕೆಲಸ ನಿಲ್ಲಿಸಿ, ತಲೆ ತಗ್ಗಿಸಿ, "ನೋಡಿದೆ ಅಜ್ಜೀ" ಎನ್ನುತ್ತಿದ್ದ.