ಏಲಂ ತೊಟ್ಟಿಲು

ಬುಧವಾರ ಬೆಳಿಗ್ಗೆ ಬ್ರಹ್ಮಾವರ ಠಾಣೆಗೆ ಬಂದ ಸುಜಯ್ ಕೂರಲು ಹೇಳಿದರೂ ಕೂರಲಿಲ್ಲ. ಹೆದ್ದಾರಿ ಬದಿ ಹಳೆ ಸಾಮಾನಿನ ಅಂಗಡಿ ಇಟ್ಟವನು. ಹಿಂದಿನ ದಿನ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಅಂಗಡಿಯ ಜಗಲಿಯಲ್ಲಿದ್ದ ತೊಟ್ಟಿಲು ಮಾಯವಾಗಿತ್ತು.

"ತೊಟ್ಲಾ? ಒಳ್ಗೆ ಮಗು ಇತ್ತಾ ಹ್ಯಾಂಗೆ?" ಎಂದು ಹೆಡ್ ಕಾನ್‌ಸ್ಟೆಬಲ್ ಅಣ್ಣಯ್ಯ ನಕ್ಕರು.

"ನಗಾಡ್ಬೇಡಿ ಮಾರ್ರೆ. ಬೀಟೆ ಮರದ್ದ್. ಗೋವಾದ ಗಿರಾಕಿ ನಾಳೆ ತಕಂಡ್ ಹೋಪುಕ್ ಬತ್ರ್."

ಪಿಎಸ್ಐ ವಿನಯಾ ನಗಲಿಲ್ಲ. ವಿವರ ಕೇಳಿದರು. ಬಸ್ರೂರಿನಲ್ಲಿ ಪಾಲುದಾರರು ವರ್ಷಗಟ್ಟಲೆ ಕಿತ್ತಾಡಿದ ಮನೆಯೊಂದು ಕೋರ್ಟಿನ ಮೂಲಕ ಮಾರಾಟವಾಗಿ, ಅದರ ಸಾಮಾನೂ ಏಲಂ ಆಗಿತ್ತು. ಬಂದವರೆಲ್ಲ ಹಿತ್ತಾಳೆ ಹಂಡೆಗಳಿಗೆ ಮುಗಿಬಿದ್ದಾಗ ಸುಜಯ್ ಅಟ್ಟ ಹತ್ತಿದ್ದ. ಮುರಿದ ಬಾಗಿಲುಗಳಡಿ ಮಸಿ ಹಿಡಿದ ನಾಲ್ಕು ಹಲಗೆಗಳಿದ್ದವು. ಬೆರಳು ಒದ್ದೆ ಮಾಡಿ ಉಜ್ಜಿದರೆ ಕೆತ್ತಿದ ಗಿಳಿಯ ಕೊಕ್ಕು ಕಂಡಿತು. ತುಟಿ ಬಿಚ್ಚದೆ ಕೆಳಗಿಳಿದು, ಸೌದೆ ರಾಶಿಯ ಜೊತೆ ಆ ಕಳಚಿಟ್ಟ ತೊಟ್ಟಿಲನ್ನೂ ಕೂಗಿ ಕೊಂಡುಬಿಟ್ಟ. ಅವನ ಕಣ್ಣೇ ಅಂಥದ್ದು, ತಪ್ಪು ಹೇಳುವಂತಿಲ್ಲ.

ಎಫ್ಐಆರ್ ದಾಖಲಾಯಿತು. ಪಂಚರನ್ನು ಕರೆಸಿ ಸ್ಥಳ ಪಂಚನಾಮೆಗೆ ನಿಂತಾಗ ವಿನಯಾ ಜಗಲಿಯ ಮೂಲೆಯಲ್ಲಿ ಬಗ್ಗಿದರು. ಅಲ್ಲೊಂದು ಅರೆಯುವ ಕಲ್ಲಿತ್ತು. ಮೈಮೇಲೆಲ್ಲ ಧೂಳು, ನಡುವೆ ಮಾತ್ರ ಚೊಕ್ಕ ಜಾಗ.

"ಇದರ ಗುಂಡುಕಲ್ಲು ಎಲ್ಲಿ?"

"ಮೊನ್ನೆವರೆಗೂ ಇತ್ತ್. ಕಲ್ಲ್ ಯಾರ್ ಕದೀತ್ರ್ ಮೇಡಂ?"

ವಿನಯಾಗೆ ತಮ್ಮ ಮನೆಯ ತೊಟ್ಟಿಲು ನೆನಪಾಯಿತು. ಮಗನ ನಾಮಕರಣದ ದಿನ ಅವರ ತಾಯಿ ಮೊದಲು ಗುಂಡುಕಲ್ಲಿಗೆ ಎಣ್ಣೆ ಹಚ್ಚಿ ತೊಟ್ಟಿಲಲ್ಲಿ ಮಲಗಿಸಿದ್ದರು, ಆಮೇಲೆ ಮಗುವನ್ನು. ಬರಿ ತೊಟ್ಟಿಲು ಮನೆಯೊಳಗೆ ಬರಬಾರದು ಎಂದಿದ್ದರು. ಮಾರಲು ಕದಿಯುವವನು ಸುಮ್ಮನೆ ಭಾರದ ಕಲ್ಲು ಹೊರುವುದಿಲ್ಲ.

"ಕದ್ದವರ ಮನೆಯಲ್ಲಿ ಹೆರಿಗೆ ಇದೆ ಅಣ್ಣಯ್ಯ," ಎಂದರು. ಮತ್ತೆ ಸುಜಯ್ ಕಡೆ ತಿರುಗಿದರು. "ತೊಟ್ಟಿಲು ಕೇಳಿಕೊಂಡು ಯಾರು ಬಂದಿದ್ದರು?"

ಸುಜಯ್ ನೆಲ ನೋಡಿದ. "ಒಬ್ರ್ ವಯಸ್ಸಾದ ಅಮ್ಮ. ಎರಡ್ ಸಲ. ತವರಿಂದ ಬಂದದ್ದ್, ಏಲಂ ದಿನ ಮಗಳ ಜೊತೆ ಆಸ್ಪತ್ರೆಲಿದ್ದೆ, ಗೊತ್ತಾಯ್ಲಿಲ್ಲೆ ಅಂದ್ರ್. ರಶೀದಿ ತೋರ್ಸಿ ಕಳ್ಸ್ದೆ. ಹೆಸ್ರ್ ಕೇಂಡಿಲ್ಲೆ."

ಎದುರಿನ ಪೆಟ್ರೋಲ್ ಬಂಕಿನ ಸಿಸಿ ಕ್ಯಾಮರಾದಲ್ಲಿ ಗೂಡ್ಸ್ ರಿಕ್ಷಾವೊಂದು ಸಿಕ್ಕಿತು. ಗುರುವಾರ ಸಂಜೆ ಅದರ ಚಾಲಕ ಕುಷ್ಟ ಠಾಣೆಗೆ ಬಂದ.

"ಕದ್ದದ್ದ್ ಅಂದ್ ನಂಗೆಂತ ಗೊತ್ತ್ ಮೇಡಂ? ನಾ ತಕಂಡದ್ದ್, ಹತ್ಸ್‌ಕೊಡ್ ಮಗಾ ಅಂದ್ರ್ ಆ ಅಮ್ಮ. ಹಲ್ಗಿ, ಸರಪಳಿ ಎಲ್ಲ ನಾನೇ ಹತ್ಸ್ದೆ. ಕಲ್ಲ್ ಮಾತ್ರ ಕೊಡ್ಲಿಲ್ಲೆ. ಸಿದ್ದಾಪುರ ಮುಟ್ಟುವರೆಗೂ ಮಡಿಲಗೇ ಇಟ್ಕಂಡಿದ್ರ್."

ಶುಕ್ರವಾರ ಬೆಳಿಗ್ಗೆ ಕುಷ್ಟ ತೋರಿಸಿದ ಬಾಡಿಗೆ ಮನೆಯ ಮುಂದೆ ಜೀಪು ನಿಂತಿತು. ಬಾಗಿಲು ತೆರೆದದ್ದು ಆ ವಯಸ್ಸಾದ ಅಮ್ಮನೇ, ಹೆಸರು ಗೋದಾವರಿ. ಯಾರು, ಏನು ಎಂದು ಕೇಳಲಿಲ್ಲ. "ಬಂದ್ರ್ಯಾ," ಎಂದು ಪಕ್ಕಕ್ಕೆ ಸರಿದರು.

ತೊಟ್ಟಿಲು ತೊಲೆಯಿಂದ ತೂಗಿತ್ತು. ಎಣ್ಣೆ ಉಜ್ಜಿದ ಗಿಳಿಗಳು ಮಿನುಗುತ್ತಿದ್ದವು. ಒಳಗೆ ಹಳೆ ಸೀರೆಯ ಮೆತ್ತೆ, ಬಿಳಿ ಬಟ್ಟೆಯಲ್ಲಿ ಸುತ್ತಿದ ಪುಟ್ಟ ಗಂಟು. ವಿನಯಾ ತಾವಾಗಿಯೇ ದನಿ ತಗ್ಗಿಸಿದರು.

"ಮಗು ಮಲಗಿದೆಯಾ?"

"ಅದ್ ಕಲ್ಲ್," ಎಂದರು ಗೋದಾವರಿ.

ಅಣ್ಣಯ್ಯ ಟೋಪಿ ತೆಗೆದು ಕೈಯಲ್ಲಿ ಹಿಡಿದರು.

"ಮಗಳು ಎಲ್ಲಿ?" ವಿನಯಾ ಕೇಳಿದರು.

"ಕ್ಷಮಾ ಕುಂದಾಪ್ರ ಆಸ್ಪತ್ರೆಲಿ. ಮಗು ಬುಧವಾರ ಹುಟ್ತ್. ಮರ್ಕ್ಲೇ ಇಲ್ಲೆ, ಒಂದ್ ಸ್ವರವೂ ಇಲ್ಲೆ. ಉಸ್ರೇ ಇರ್ಲಿಲ್ಲೆ. ಹಿಂದಿನ ಎರಡೂ ಹೀಂಗೇ ಹೋದ್ದ್."

ಬಾಣಂತನಕ್ಕೆ ಮಗಳನ್ನು ತವರಿಗೆ ಕರೆಯಬೇಕು, ಮೊದಲ ತೊಟ್ಟಿಲು ತವರೇ ಕೊಡಬೇಕು. ಗಂಡ ಸತ್ತ ಮೇಲೆ ಬಸ್ರೂರಿನ ಆ ಮನೆಯಲ್ಲಿ ಗೋದಾವರಿಗೆ ಪಾಲು ದಕ್ಕಿರಲಿಲ್ಲ. ಮಗಳನ್ನು ಕರೆಯಲೆಂದೇ ಈ ಬಾಡಿಗೆ ಮನೆ ಹಿಡಿದಿದ್ದರು. ತವರು ಎಂದು ತೋರಿಸಲು ಉಳಿದದ್ದು ಆ ತೊಟ್ಟಿಲೊಂದೇ. ಅವರ ತಾಯಿ ಮಲಗಿದ್ದು, ಅವರು ಮಲಗಿದ್ದು, ಕ್ಷಮಾ ಮಲಗಿದ್ದು ಅದರಲ್ಲೇ.

"ಹುಟ್ಟುಕ್ ಮೊದ್ಲ್ ತೊಟ್ಲ್ ಕಟ್ಟುಕಾಗ," ಗೋದಾವರಿಯ ಕಣ್ಣು ಒಣಗಿಹೋಗಿತ್ತು. "ನಂಗೊತ್ತಿತ್ತ್ ಅಮ್ಮ. ಆದ್ರೂ ಮಂಗಳವಾರವೇ ಕಟ್ದೆ. ಕಲ್ಲ್ ಇತ್ತಲ್ದಾ, ಎಂತ ಆತಿಲ್ಲೆ ಅಂದ್ಕಂಡ್ ಒಂದ್ ಸಲ ತೂಗಿ ಕಂಡೆ. ಅದ್ರ ಮರುದಿನವೇ ಹೀಂಗಾಯ್ತ್. ನಾನೇ ಮಾಡ್ದದ್ದ್."

"ಹಾಗೆಲ್ಲ ಆಗುವುದಿಲ್ಲ," ಎಂದರು ವಿನಯಾ. ಅಷ್ಟು ಪೊಳ್ಳು ಮಾತನ್ನು ಅವರು ನೌಕರಿಯಲ್ಲಿ ಎಂದೂ ಆಡಿರಲಿಲ್ಲ. "ಬಂಧಿಸಬೇಕಿಲ್ಲ, ನೋಟಿಸ್ ಕೊಟ್ಟರೆ ಸಾಕು. ನೀವು ಮಗಳ ಹತ್ತಿರ ಇರಿ."

"ಬ್ಯಾಡ. ಅಳಿಯ ಈಗ ಅವ್ಳನ್ ಕರ್ಕಂಡ್ ಬತ್ತ. ಅವ್ಳ್ ಬಪ್ಪುಕ್ ಮೊದ್ಲ್ ಇದನ್ ತಕಂಡ್ ಹೋಯ್ನಿ. ನನ್ನನ್ನೂ."

"ಮಗಳನ್ನು ಯಾರು ನೋಡಿಕೊಳ್ಳುವುದು?"

"ಯಾರಾದ್ರೂ ಅಡ್ಡಿಲ್ಲೆ. ನಾನೊಬ್ಳ್ ಬ್ಯಾಡ."

ಅಣ್ಣಯ್ಯ ಕೊಂಡಿ ಕಳಚುವ ಮೊದಲೇ ಗೋದಾವರಿ ಗಂಟನ್ನು ಎತ್ತಿಕೊಂಡು ಹೋಗಿ ಜೀಪಿನಲ್ಲಿ ಕುಳಿತರು. ಎಷ್ಟು ಹೇಳಿದರೂ ಇಳಿಯಲಿಲ್ಲ. ವಿನಯಾ ಅಳಿಯನಿಗೆ ಫೋನ್ ಮಾಡಿ ವಿಷಯ ತಿಳಿಸಿ, ಬಂಧನದ ಕಾಗದ ಬರೆದರು. ಸರಿಯೋ ತಪ್ಪೋ ಅವರಿಗೆ ಗೊತ್ತಾಗಲಿಲ್ಲ.

ಕಿರಿದಾದ ರಸ್ತೆಯಲ್ಲಿ ಎದುರಿನಿಂದ ಕಾರೊಂದು ಬಂತು. ಜೀಪು ಬದಿಗೆ ಸರಿಯಿತು. ಕಾರಿನ ಹಿಂದಿನ ಸೀಟಿನಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡ ಹುಡುಗಿ ಕಣ್ಣು ಮುಚ್ಚಿ ಒರಗಿದ್ದಳು. ಗೋದಾವರಿ ಬಗ್ಗಿ, ಮಡಿಲಲ್ಲಿದ್ದ ಕಲ್ಲಿನ ಮೇಲೆ ಸೆರಗು ಹೊದೆಸಿ, ಕಾರು ದಾಟುವವರೆಗೂ ತಲೆ ಎತ್ತಲಿಲ್ಲ.

ಠಾಣೆಯಲ್ಲಿ ಜಪ್ತಾದ ಸೊತ್ತು ಬರೆಯುವಾಗ ಅಣ್ಣಯ್ಯ ಪೆನ್ನು ತಡೆದರು. "ಕಲ್ಲನ್ನೂ ಬರೆಯುದಾ ಮೇಡಂ?"

"ಬರೆಯಿರಿ. ಅದೂ ಅಂಗಡಿಯದ್ದೇ."

ವಿನಯಾ ಕೈ ಚಾಚಿದರು. ಗೋದಾವರಿ ಒಂದು ಕೈಯನ್ನು ಗಂಟಿನ ತುದಿಗೆ, ಕುತ್ತಿಗೆ ಇರಬೇಕಾದಲ್ಲಿ, ಆನಿಸಿ ನಿಧಾನಕ್ಕೆ ಕೊಟ್ಟರು. ವಿನಯಾ ಕೂಡ ಅದನ್ನು ಹಾಗೆಯೇ ತೆಗೆದುಕೊಂಡರು.