ಪಕ್ಕೀರವ್ವನ ಜೋಡಿ ನಾಣ್ಯ

“ಇವೆರಡರಾಗ ಒಂದು ಖೋಟಾ ಐತ್ರಿ.”

ಅಕ್ಕಸಾಲಿ ಮುದಿಯಪ್ಪ ಪತ್ತಾರನ ಪಡಸಾಲೆಯಲ್ಲಿ ಕೂತಿದ್ದ ಸಾಹೇಬ ಹೀಗೆಂದದ್ದೇ ತಡ, ಒಳಕೋಣೆಯಲ್ಲಿ ಪತ್ತಾರನ ಮಗಳು ಕಸ್ತೂರೆಮ್ಮನ ಕೈಯಲ್ಲಿದ್ದ ಅರ ನಿಂತಿತು. ಉಜ್ಜುತ್ತಿದ್ದ ಕಾಲುಂಗುರವನ್ನು ಕೆಳಗಿಟ್ಟು, ಪರದೆಯ ಹಿಂದಿನಿಂದಲೇ ಅಂದುಬಿಟ್ಟಳು:

“ಖೋಟಾ ಅನಬ್ಯಾಡ್ರಿ. ಜೋಡಿ ಅನ್ರಿ.”

ಸಾಹೇಬ ತಲೆಯೆತ್ತಿದ. ಅವನು ಸಾಹೇಬನಾದದ್ದು ಊರವರ ಬಾಯಲ್ಲಿ ಮಾತ್ರ. ಹೆಸರು ಅಯ್ಯಪ್ಪ, ಕುಷ್ಟಗಿಯ ಪತ್ತಾರರ ಮನೆಯ ಮಗ. ಉರ್ದು ಶಾಲೆ ಕಲಿತು, ಹಳೆಯ ವಸ್ತುಗಳನ್ನು ಹುಡುಕಿ ಕಾಪಾಡುವ ಸರ್ಕಾರಿ ಇಲಾಖೆಯಲ್ಲಿ ಹಂಗಾಮಿ ಸಹಾಯಕನಾಗಿ ಕೊಪ್ಪಳದಲ್ಲಿದ್ದ. 1937ರ ಫೆಬ್ರವರಿಯಲ್ಲಿ ಅವನು ಚಕ್ಕಡಿ ಕಟ್ಟಿಸಿಕೊಂಡು ತಳಕಲ್ಲಿಗೆ ಬಂದದ್ದು, ಹುಲಿಗೆಪ್ಪನ ಹೊಲದಲ್ಲಿ ಸಿಕ್ಕ ಬೆಳ್ಳಿ ನಾಣ್ಯ ನೋಡಲು. ರೋಮ್ ರಾಜನ ಮುಖ, ಕಾಲು ತೊಲೆಗಿಂತ ತುಸು ಹೆಚ್ಚು ತೂಕ. ಅಸಲಿಯಾದರೆ ಮಳೆಗಾಲದೊಳಗೆ ಆ ಹೊಲವನ್ನು ಅಗೆಸಿ ನೋಡುವ ಕೆಲಸ ಅವನದು, ನೌಕರಿಯೂ ಕಾಯಂ.

ಬಂದು ನೋಡಿದರೆ ನಾಣ್ಯ ಒಂದಲ್ಲ, ಎರಡು. ಹುಲಿಗೆಪ್ಪನ ಹೆಂಡತಿ ಪಕ್ಕೀರವ್ವನ ಕೊರಳಲ್ಲಿ, ತಾಳಿಯ ಎಡಕ್ಕೊಂದು, ಬಲಕ್ಕೊಂದು.

“ಒಂಟಿ ಬಿಲ್ಲಿ ಯಾರ ಕಟ್ತಾರ್ರಿ?” ಎಂದಳು ಪಕ್ಕೀರವ್ವ. “ಸಿಕ್ಕಿದ್ದು ಒಂದ. ನಾಲ್ಕು ವರ್ಷದ ಹಿಂದ ಈ ಮುದಿಯಪ್ಪಣ್ಣನ ಕಡೆ ಅದರಂಗ ಇನ್ನೊಂದು ಮಾಡಿಸಿಕೊಂಡೆ. ಈಗ ಯಾವುದು ಯಾವುದಂತ ನನಗೂ ತಿಳಿಯೂದಿಲ್ಲ.”

ಎರಡರಲ್ಲೂ ರಾಜನ ಕೆನ್ನೆಯ ಮೇಲೆ ಉಳಿಯಿಂದ ಹೊಡೆದ ಗಾಯವಿತ್ತು. ಇಂಥ ಕೆಲವು ನಾಣ್ಯಗಳ ಮೇಲೆ ಹೀಗೆ ಗಾಯವಿರುವುದುಂಟು. ಆದರೆ ಎರಡಕ್ಕೂ ಒಂದೇ ಜಾಗದಲ್ಲಿ, ಒಂದೇ ಅಳತೆಯ ಗಾಯ ಬೀಳುವುದಿಲ್ಲ. ಒಂದರ ಅಚ್ಚು ತೆಗೆದು ಇನ್ನೊಂದನ್ನು ಎರಕ ಹೊಯ್ದದ್ದು ಸ್ಪಷ್ಟವಾಗಿತ್ತು.

“ಹೊಯ್ದವರು ಹೇಳಿಕಿ ಕೊಟ್ಟು ಸಹಿ ಹಾಕಬೇಕ್ರಿ,” ಎಂದ ಅಯ್ಯಪ್ಪ. “ಇಲ್ಲಂದ್ರ ಎರಡನ್ನೂ ಯಾರೋ ಹೊಯ್ದಾರ ಅಂತ ಮ್ಯಾಲಿನವರು ಅಂತಾರ.”

“ಹೊಯ್ದಾವ ನಾನ. ಬರ್ಕೋರಿ,” ಎಂದ ಗೋಡೆಗೊರಗಿ ಕೂತಿದ್ದ ಮುದಿಯಪ್ಪ ಪತ್ತಾರ.

ಒಳಗೆ ಕಸ್ತೂರೆಮ್ಮ ಪರದೆಯ ಹತ್ತಿರ ಸರಿದಳು. ಅಪ್ಪನ ಕಣ್ಣಿಗೆ ಪೊರೆ ಬಂದು ಐದು ವರ್ಷ. ಅಂದಿನಿಂದ ಈ ಮನೆಯ ಕೆಲಸವೆಲ್ಲ ಮಗಳ ಕೈಯದು. ಊರಿಗೆ ಅದು ಗೊತ್ತಿರಲಿಲ್ಲ.

ಅಯ್ಯಪ್ಪ ಬರೆಯಲಿಲ್ಲ. ಎರಡೂ ನಾಣ್ಯಗಳನ್ನು ಅಂಗೈಯಲ್ಲಿಟ್ಟು ಮುಂದೆ ಚಾಚಿದ. “ನಿಮ್ಮದು ಯಾವುದ್ರಿ?”

ಮುದಿಯಪ್ಪ ಹೆಬ್ಬೆರಳಿನಿಂದ ಸವರಿ ಸರಿಯಾದದ್ದನ್ನೇ ಎತ್ತಿಕೊಟ್ಟ. ಆದರೆ ತೆಗೆದುಕೊಳ್ಳುವಾಗ ಅವನ ಕೈ, ಚಾಚಿದ ಅಂಗೈಯಿಂದ ನಾಲ್ಕು ಬೆರಳು ಆಚೆ ಗಾಳಿಯಲ್ಲಿ ಹುಡುಕಿತ್ತು. ಅಯ್ಯಪ್ಪ ಅದನ್ನು ಕಂಡ. ಒಂದು ಗಳಿಗೆ ಪರದೆಯ ಕಡೆ ನೋಡಿ, ಪೆನ್ನಿನ ಮುಚ್ಚಳ ಹಾಕಿದ.

“ನಾಳೆ ಬರ್ತೀನ್ರಿ.”

ಮರುದಿನ ಮುದಿಯಪ್ಪ ಉಂಡು ಅಡ್ಡಾದ ಹೊತ್ತಿಗೆ ಅವನು ಬಾಗಿಲಲ್ಲಿ ನಿಂತಿದ್ದ.

“ಅಪ್ಪ ಮಲಗ್ಯಾರ್ರಿ,” ಎಂದಳು ಕಸ್ತೂರೆಮ್ಮ.

“ಗೊತ್ತೈತ್ರಿ. ಅದಕ್ಕ ಈಗ ಬಂದೆ.”

“ಸಾಹೇಬ್ರಿಗೆ ಧೈರ್ಯ ಭಾಳ ಐತಿ.”

“ಎಲ್ಲಿ ಧೈರ್ಯರಿ, ಕಾಲು ನಡುಗಾಕತ್ತಾವು. ಕುಂದರಲೇನು?”

ನಗು ಕಾಣದಂತೆ ಮುಖ ಆಚೆ ಹೊರಳಿಸಿ, ಕಾಲಿನಿಂದಲೇ ಚಾಪೆ ಸರಿಸಿದಳು. ಅವನು ಕೂತು, ಭೂತಗನ್ನಡಿಯನ್ನೂ ನಾಣ್ಯಗಳನ್ನೂ ಅವಳ ಮುಂದಿಟ್ಟ.

“ಗಾಯ ನೋಡ್ರಿ. ಇದರಾಗ ಉಳಿ ಬಿದ್ದಲ್ಲಿ ಬೆಳ್ಳಿ ಅಂಚಿಗೆ ಎದ್ದೈತಿ. ಅದರಾಗ ಅಂಚು ಮೆತ್ತಗೈತಿ, ಅಚ್ಚಿನ ಮಣ್ಣಿನಾಗ ಇಳದು ಬಂದ ಗಾಯ.”

“ಪತ್ತಾರರ ಮಗಳಿಗೆ ಎರಕ ಕಲಸಾಕ ಬಂದ್ರೇನು?”

“ಇಲ್ರಿ, ಕೇಳಾಕ ಬಂದೆ. ಜೋಡಿಯೊಳಗ ರಾಜನ ತುಟಿ ತುದಿಯನ್ನ ಯಾರೋ ಸಣ್ಣ ಚಾಣದಿಂದ ತಿದ್ಯಾರ. ಅಸಲಿಯೊಳಗ ಆತ ಸಿಟ್ಟಿನ ಮನಷ್ಯ. ಇದರಾಗ ನಗಾಕತ್ತಾನ.”

ಕಸ್ತೂರೆಮ್ಮನ ಕಿವಿ ಬಿಸಿಯಾಯಿತು. ನಾಲ್ಕು ವರ್ಷ ಆ ನಗು ಪಕ್ಕೀರವ್ವನ ಜೊತೆ ಬಾವಿ, ಹೊಲ, ಸಂತೆ ಎಲ್ಲ ಸುತ್ತಿತ್ತು. ಒಬ್ಬರೂ ಅದನ್ನು ಗುರುತಿಸಿರಲಿಲ್ಲ.

“ಎರಕದಾಗ ತುಟಿ ಸರಿಯಾಗಿ ಬರಲಿಲ್ರಿ,” ಎಂದಳು ಮೆಲ್ಲಗೆ. “ತಿದ್ದುವಾಗ ಅನಿಸ್ತು, ಎಷ್ಟ ದೂರದಿಂದ ಬಂದಾನ, ಮಾತಾಡಸಾಕ ಒಬ್ಬರೂ ಇಲ್ಲ. ನಗಲಿ ಅಂತ ಬಿಟ್ಟೆ.”

“ನಿನ್ನೆಯಿಂದ ಅದನ್ನ ನೋಡಾಕತ್ತೀನಿ. ಅಸಲಿ ಮ್ಯಾಲಿನ ಅಕ್ಷರ ಓದೂದು ಇನ್ನೂ ಹಂಗ ಉಳದೈತಿ.”

“ಇದಕ್ಕೂ ಸರ್ಕಾರ ಪಗಾರ ಕೊಡತೈತೇನ್ರಿ?”

ಅವನು ನಕ್ಕ. ಅವಳು ಮಾತ್ರ ಗಂಭೀರಳಾದಳು.

“ಅಪ್ಪನ ಹೆಸರ ಬರೀರಿ. ಕೈ ಮುಗೀತೀನಿ. ಕಣ್ಣು ಹೋಗ್ಯಾವಂತ ತಿಳಿದ್ರ ಊರ ಮಂದಿ ಕುಕನೂರಿನ ಪತ್ತಾರರ ಕಡೆ ಹೋಗ್ತಾರ. ಹೆಣ್ಮಗಳ ಕೈಯಾಗ ಬೆಳ್ಳಿ ಯಾರು ಕೊಡ್ತಾರ?”

ಅಯ್ಯಪ್ಪ ನಾಣ್ಯಗಳನ್ನು ಮತ್ತೆ ಕೈಗೆತ್ತಿಕೊಂಡ. “ಸುಳ್ಳು ಬರಿಯಾಕ ನನಗ ಆಗೂದಿಲ್ರಿ. ನೀವು ಒಪ್ಪದ ನಿಮ್ಮ ಹೆಸರೂ ಬರಿಯೂದಿಲ್ಲ. ಹೊಯ್ದವರ ಸಹಿ ಸಿಗಲಿಲ್ಲ ಅಂತ ಬರೀತೀನಿ. ಅದು ಖರೇನ.”

“ಆಗ ನಾಣ್ಯ?”

“ಸಂಶಯದ್ದು ಅಂತ ಆಗತೈತಿ. ಹೊಲ ಅಗಿಯೂದಿಲ್ಲ.”

“ನಿಮ್ಮ ನೌಕರಿ?”

“ಕುಷ್ಟಗ್ಯಾಗ ಅಪ್ಪನ ಅಗ್ಗಿಷ್ಟಗಿ ಇನ್ನೂ ಆರಿಲ್ರಿ,” ಎಂದು ಎದ್ದ.

ಆ ಸಂಜೆ ಅವಳು ಅರ ಎತ್ತಿಕೊಂಡು ಮತ್ತೆ ಕೆಳಗಿಟ್ಟಳು. ಮಣ್ಣಿನಿಂದ ಎದ್ದು ಬಂದ ಅಸಲಿ ವಸ್ತು ತನ್ನ ಮೌನದಿಂದ ಖೋಟಾ ಆಗುತ್ತದೆ. ತನ್ನ ಕೈಯನ್ನು ಮೊದಲ ಬಾರಿ ಗುರುತಿಸಿದವನು, ಅದನ್ನು ಯಾರಿಗೂ ಹೇಳದೆ, ಬರಿಗೈಯಲ್ಲಿ ಚಕ್ಕಡಿ ಹತ್ತುತ್ತಾನೆ.

ಮೂರನೆಯ ದಿನ ಬೆಳಿಗ್ಗೆ ಎತ್ತು ಹೂಡಿದ್ದರು. ಅಂಗಳದಲ್ಲಿ ಹತ್ತು ಹನ್ನೆರಡು ಜನ. ಅಯ್ಯಪ್ಪ ನಾಣ್ಯಗಳನ್ನು ಪಕ್ಕೀರವ್ವನಿಗೆ ಮರಳಿ ಕೊಡುತ್ತಿದ್ದಾಗ, ಕಸ್ತೂರೆಮ್ಮ ಮಸಿಗೈಯಲ್ಲೇ ಹೊರಗೆ ಬಂದಳು.

“ನಿಲ್ರಿ. ಜೋಡಿ ಹೊಯ್ದಾಕಿ ನಾನು. ಅಪ್ಪಗ ಐದು ವರ್ಷದಿಂದ ಕಣ್ಣು ಕಾಣೂದಿಲ್ಲ. ಅವತ್ತಿನಿಂದ ಈ ಮನ್ಯಾಗ ಆದ ಕೆಲಸ ಎಲ್ಲಾ ನನ್ನದು. ಬರ್ಕೋರಿ.”

ಮುದಿಯಪ್ಪ ತಲೆ ತಗ್ಗಿಸಿದ. ಪಕ್ಕೀರವ್ವ ತನ್ನ ನಡುವನ್ನು ಮುಟ್ಟಿ ನೋಡಿಕೊಂಡಳು.

“ಹಂಗಾರ ಈ ಡಾಬು?”

“ನಾನ ಮಾಡಿದ್ದು.”

“ನನ್ನ ಮಗಳ ಮದುವಿ ಕಾಲುಂಗುರ?”

“ಅದೂ ನಾನ.”

“ಅದಕ್ಕ ಹೇಳ್ತೀನಿ! ಮುದಿಯಪ್ಪಣ್ಣಂದು ಚುಚ್ಚತಿತ್ತು. ಇವು ಚುಚ್ಚೂದಿಲ್ಲ!”

ಜನ ನಕ್ಕರು. “ಮರ್ಯಾದಿ ತಗೀಬ್ಯಾಡಬೇ ಪಕ್ಕೀರವ್ವ, ಆಕಿಗೆ ಕಲಿಸಿದಾವ ನಾನ,” ಎಂದ ಮುದಿಯಪ್ಪ. ಎಲ್ಲರೂ ನಗಲಿಲ್ಲ. ಇಬ್ಬರು ಸುಮ್ಮನೆ ಎದ್ದು ಹೋದರು. ಅವರ ಕೆಲಸ ಮತ್ತೆ ಆ ಮನೆಗೆ ಬರಲಿಲ್ಲ.

ಅಯ್ಯಪ್ಪ ಬರೆದು ಕಾಗದ ಮುಂದಿಟ್ಟ. ಹಿತ್ತಾಳೆ ಕೊಡಗಳ ಮೇಲೆ ಪರರ ಹೆಸರು ಕೊರೆದು ಪಳಗಿದ ಕೈ, ತನ್ನ ಹೆಸರನ್ನು ಮೊದಲ ಸಲ ಬರೆಯಿತು.

ಶಾಯಿ ಆರಿದ ಮೇಲೂ ಅವನು ಹೊರಡಲಿಲ್ಲ. “ಮುದಿಯಪ್ಪನವರ, ಇನ್ನೊಂದು ಮಾತೈತ್ರಿ. ಇದು ಇಲಾಖೆದಲ್ಲ.”

“ಆಕಿನ್ನ ಕೇಳಪಾ. ನೀವು ಒಬ್ಬರನ್ನೊಬ್ಬರು ನೋಡೂದು ನನಗೆಲ್ಲಿ ಕಾಣತೈತಿ?”

ಕಸ್ತೂರೆಮ್ಮ ಸೆರಗಿನ ತುದಿಯಿಂದ ಬೆರಳ ಮಸಿ ಒರೆಸುತ್ತ ನಿಂತಳು. ಮಸಿ ಹೋದ ಮೇಲೂ ಒರೆಸುತ್ತಲೇ ಇದ್ದಳು.

“ಕೊಪ್ಪಳದಾಗ ಎರಡು ಕೋಣಿ ಮನಿ ಐತ್ರಿ,” ಎಂದ ಅಯ್ಯಪ್ಪ. “ಅಗಿಯೂದು ಮುಗಿದ ಮ್ಯಾಲ ಲಗ್ನ ಆಗೂಣು, ಅಪ್ಪಾರನ್ನೂ ಕರ್ಕೊಂಡು ಬರ್ರಿ. ಮುಂದಿನ ಕೋಣಿ ನಿಮ್ಮ ಕೆಲಸಕ್ಕ. ನೀವು ಮನಸ ಮಾಡಿದ್ರ.”

“ಕಿಟಕಿ ಯಾವ ಕಡೆಗೈತ್ರಿ?”

“ಬಡಗಲಿಗೆ. ದಿನಪೂರ್ತಿ ಒಂದ ಸಮನ ಬೆಳಕು.”

ಅವಳು ಮೊದಲ ಬಾರಿ ಅವನ ಮುಖವನ್ನು ನೇರವಾಗಿ, ಊರ ಮುಂದೆಯೇ ನೋಡಿದಳು.

“ಹಂಗಾರ ಅದರ ಕೆಳಗ ಏನೂ ಇಡಬ್ಯಾಡ್ರಿ,” ಎಂದಳು. “ಅಲ್ಲಿ ನಾನು ಕುಂದರ್ತೀನಿ.”