ಎಡಗಡೆ ಬಾಕಿ ಇದೆ

ಬಾಗಿಲಲ್ಲಿ ನಿಂತವನನ್ನು ನೋಡಿದ ಕೂಡಲೇ ಅವಳ ಕೈಯಲ್ಲಿ ಸುತ್ತುತ್ತಿದ್ದ ಯೋಗದ ಮ್ಯಾಟು ಬಿಚ್ಚಿಕೊಂಡು ನೆಲಕ್ಕೆ ಬಿತ್ತು.

ಏಳು ವರ್ಷ! ಅದೇ ಬಿಳಿ ಟೋಪಿ, ಅದೇ ಉದ್ದನೆಯ ಗಾಲ್ಫ್ ಚೀಲ. ಇಪ್ಪತ್ತು ಮೆಟ್ಟಿಲು ಹತ್ತಿದ್ದಕ್ಕೇ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ.

“ನೀವಿಲ್ಲಿ ಪಾಠ ಮಾಡ್ತೀರ ಅಂತ ಗೊತ್ತಾಯ್ತು,” ಎಂದ. “ಬರೋದೋ ಬೇಡವೋ ಅಂತ ಒಂದು ವಾರ ಯೋಚನೆ ಮಾಡಿದೆ.”

“ಶೂ ಹೊರಗೆ ಬಿಡಿ,” ಎಂದಳು ಅವಳು.

ಅವನು ಬಗ್ಗಿ ಲೇಸು ಬಿಚ್ಚಲು ಪಟ್ಟ ಪಾಡನ್ನು ಅವಳು ಕಣ್ತುಂಬ ನೋಡಿದಳು. ಹೋಗಿ ಸಹಾಯ ಮಾಡಬಹುದಿತ್ತು, ಮಾಡಲಿಲ್ಲ.

“ಸೊಂಟ ತಿರುಗ್ತಾನೇ ಇಲ್ಲ. ಯೋಗ ಮಾಡಿ, ಇಲ್ಲಾ ಗಾಲ್ಫ್ ಬಿಡಿ ಅಂದ್ರು ಡಾಕ್ಟರು. ಮೂರು ತಿಂಗಳಿಗೆ ದೊಡ್ಡ ಪಂದ್ಯ ಇದೆ. ಈ ಸಲ ತಪ್ಪಿದ್ರೆ ನನ್ನನ್ನ ಮತ್ತೆ ಯಾರೂ ಕರೆಯಲ್ಲ.” ಸ್ವಲ್ಪ ತಡೆದು, “ನಿಮಗೆ ಇಷ್ಟ ಇಲ್ಲದಿದ್ರೆ ಹೇಳಿಬಿಡಿ, ಹೋಗ್ತೀನಿ,” ಎಂದ.

ಹೋಗುವುದೇ? ಏಳು ವರ್ಷದಿಂದ ಹಲ್ಲು ಕಚ್ಚಿ ಕಾದವಳ ಕೈಗೆ ತಾನಾಗಿಯೇ ಬಂದು ಸಿಕ್ಕವನನ್ನು ಹೋಗಲು ಬಿಡುವುದೇ!

“ಹಳೇದೆಲ್ಲ ನಾನು ಮರೆತಿದ್ದೀನಿ. ನಾಳೆ ಬೆಳಿಗ್ಗೆ ಆರಕ್ಕೆ ಬನ್ನಿ,” ಎಂದು ನಕ್ಕಳು.

ಮರೆಯುವುದೆಲ್ಲಿಂದ ಬಂತು...

ಆಗ ಅವಳಿಗೆ ಇಪ್ಪತ್ತಮೂರು. ತರಬೇತಿ ಶಿಬಿರಕ್ಕೆ ಆಟಗಾರರನ್ನು ಆರಿಸುವ ಪಂದ್ಯ. ಗಾಲ್ಫಿನಲ್ಲಿ ಪ್ರತಿ ಹೊಡೆತಕ್ಕೂ ತೀರ್ಪುಗಾರ ಪಕ್ಕದಲ್ಲಿ ನಿಂತಿರುವುದಿಲ್ಲ. ಜೊತೆಗಾರ ನಮ್ಮ ಹೊಡೆತಗಳನ್ನು ಒಂದು ಕಾರ್ಡಿನಲ್ಲಿ ಬರೆದುಕೊಳ್ಳುತ್ತಾನೆ, ನಮ್ಮ ತಪ್ಪನ್ನು ನಾವೇ ಬಾಯಿಬಿಟ್ಟು ಹೇಳಬೇಕು, ಕೊನೆಗೆ ಇಬ್ಬರೂ ಸಹಿ ಹಾಕಬೇಕು. ಅವಳ ಜೊತೆಗಾರ ಇವನು. ದಿನವಿಡೀ ಅವಳನ್ನು ನಗಿಸಿದ, ತನ್ನ ನೀರಿನ ಬಾಟಲಿ ಕೊಟ್ಟ. ಕೊನೆಗೆ ಅವಳು ಗೆದ್ದು ಕಾರ್ಡಿಗೆ ಸಹಿ ಹಾಕಿ ಮೇಜಿನ ಮೇಲೆ ಮುಂದೆ ತಳ್ಳಿದರೆ, ಅವನು ಪೆನ್ನು ಕೆಳಗಿಟ್ಟುಬಿಟ್ಟ. “ಹದಿನೇಳನೇ ಕುಳಿಗೆ ಆಡುವಾಗ, ಎತ್ತರದ ಹುಲ್ಲಿನಲ್ಲಿ ಕೋಲಿಟ್ಟ ಕೂಡಲೇ, ಹೊಡೆಯುವ ಮೊದಲೇ ಇವರ ಚೆಂಡು ಅಲುಗಾಡಿತು. ದಂಡದ ಹೊಡೆತ ಸೇರಿಸಿಲ್ಲ,” ಎಂದು ಅಧಿಕಾರಿಗೆ ಹೇಳಿದ.

ಅಷ್ಟೇ. ಅವಳನ್ನು ಪಂದ್ಯದಿಂದ ಹೊರಗೆ ಹಾಕಿದರು. ಶಿಬಿರದಲ್ಲಿ ಅವಳ ಜಾಗ ಅವನಿಗೇ ಹೋಯಿತು. ಅವಳ ಗಾಲ್ಫ್ ಕೋಲುಗಳು ಬೀರುವಿನ ಮೇಲೇರಿದವು. ಮುಖ ಎತ್ತಿ ನಡೆಯಲಾಗದ ದಿನಗಳಲ್ಲಿ ಉಸಿರು ಹಿಡಿಯಲು ಅಂತ ಶುರು ಮಾಡಿದ ಯೋಗವೇ ಆಮೇಲೆ ಹೊಟ್ಟೆಪಾಡಾಯಿತು.

ಬಾ ಮಹಾರಾಯ, ಬಾ. ನಿನಗೆ ಸರಿಯಾಗಿಯೇ ಕಲಿಸುತ್ತೇನೆ...

ಅವಳ ಉಪಾಯ ಬಲು ಸರಳ. ಯೋಗದಲ್ಲಿ ಬಲಕ್ಕೆ ಮಾಡಿದ್ದನ್ನು ಎಡಕ್ಕೂ ಮಾಡಿಸಬೇಕು, ಅದು ಮೊದಲನೆಯ ದಿನದ ಪಾಠ. ಅವಳು ಅವನಿಗೆ ಎಡಗಡೆಯನ್ನು ಕಲಿಸಲೇ ಇಲ್ಲ.

“ಗಾಲ್ಫ್ ಒಂದೇ ಕಡೆ ಆಟ. ನಿಮಗೆ ಬಲಗಡೆ ಸಾಕು,” ಎಂದಳು ತ್ರಿಕೋನಾಸನ ಮಾಡಿಸುತ್ತ.

ಅವನು ಒಂದು ಕ್ಷಣ ಅವಳ ಮುಖ ನೋಡಿದ. “ಸರಿ ಮೇಡಂ,” ಎಂದು ಬಲಕ್ಕೆ ಬಾಗಿದ.

ಕೋಲು ಹಿಂದಕ್ಕೆ ಎತ್ತುವಾಗ ಬಲಕ್ಕೆ ತಿರುಗಬೇಕು, ಹೊಡೆಯುವಾಗ ಎಡಕ್ಕೆ. ಎತ್ತುವುದು ಬೆಣ್ಣೆಯಂತೆ ನಯವಾಗುತ್ತದೆ, ಹೊಡೆಯುವ ಹೊತ್ತಿಗೆ ಸೊಂಟ ಕೈಕೊಡುತ್ತದೆ. ಅದೂ ಎಲ್ಲರೆದುರಿಗೆ! ಅವಳಿಗೆ ಆದದ್ದೂ ಎಲ್ಲರೆದುರಿಗೇ ಅಲ್ಲವೇ?

ಯೋಗದ ಕೋಣೆಯ ಕೆಳಗೆ ಅವಳ ಅಕ್ಕನ ಹೊಲಿಗೆ ಅಂಗಡಿ. ಎರಡನೇ ವಾರ ಅವನು ಪಂದ್ಯಕ್ಕೊಂದು ಶರ್ಟು ಹೊಲಿಸಲು ಅಳತೆ ಕೊಟ್ಟು ಹೋದ.

“ನಿನ್ನ ಬಿಳಿ ಟೋಪಿಗೆ ಬಲಭುಜ ಒಂದು ಬೆರಳು ಇಳಿದುಬಿಟ್ಟಿದೆ ಕಣೆ,” ಎಂದಳು ಅಕ್ಕ, ಬಟ್ಟೆಗೆ ಸೀಮೆಸುಣ್ಣದ ಗೆರೆ ಎಳೆಯುತ್ತ. “ಅದಕ್ಕೆ ತಕ್ಕ ಹಾಗೇ ಕತ್ತರಿಸ್ತೀನಿ. ಅಲ್ಲಾ, ಮೇಲಿಂದ ದಿನಾ ಬಲಕ್ಕೆ ತಿರುಗಿ, ಬಲಕ್ಕೆ ತಿರುಗಿ ಅಂತ ಕೇಳಿಸುತ್ತೆ. ಎಡಕ್ಕೆ ಅನ್ನೋದು ಒಂದಿನಾನೂ ಕೇಳಿಲ್ವಲ್ಲ?”

“ನಿನ್ನ ಮಿಷನ್ ಸದ್ದಿಗೆ ಕೇಳಿಸಿರಲ್ಲ.”

“ನನ್ನ ಕಿವಿ ನೆಟ್ಟಗಿದೆ. ನಿನ್ನ ಮನಸ್ಸೇ ಯಾಕೋ ಸೊಟ್ಟಗಿದೆ.”

ಅವಳು ಮೆಟ್ಟಿಲು ಹತ್ತಿದಳು.

ಸೇಡು ತೀರಿಸಿಕೊಳ್ಳುವವರಿಗೆ ಶತ್ರು ಒರಟನಾಗಿದ್ದರೆ ಅನುಕೂಲ. ಇವನೋ, ಆರಕ್ಕೆ ಬಾ ಎಂದರೆ ಐದೂಮುಕ್ಕಾಲಿಗೆ ಬಂದು ಕೋಣೆ ಗುಡಿಸುತ್ತಿದ್ದ. ವೃಕ್ಷಾಸನದಲ್ಲಿ ಒಂಟಿ ಕಾಲಿನ ಮೇಲೆ ನಿಂತು ತೂರಾಡುತ್ತ, “ಮೇಡಂ, ಈ ಮರ ಇವತ್ತು ಬೀಳುತ್ತೆ,” ಎನ್ನುತ್ತಿದ್ದ. ಅವಳಿಗೆ ನಗು ಉಕ್ಕಿ ಬರುತ್ತಿತ್ತು. ತಕ್ಷಣ ಆ ಮೇಜು, ಆ ಕಾರ್ಡು, ಕೆಳಗಿಟ್ಟ ಆ ಪೆನ್ನು ನೆನಪಾಗುತ್ತಿತ್ತು.

ಇನ್ನೂ ಐದು ಉಸಿರು ಹಾಗೇ ನಿಲ್ಲು. ಬಿದ್ದರೆ ಬೀಳು.

ಆದರೂ ಅವನು ಬೀಳುವಾಗೆಲ್ಲ ಅವಳ ಕೈ ತಾನಾಗಿಯೇ ಮುಂದೆ ಹೋಗಿ ಅವನ ತೋಳು ಹಿಡಿಯುತ್ತಿತ್ತು. ಆ ಕೈಯ ಮೇಲೆ ಅವಳಿಗೆ ವಿಪರೀತ ಸಿಟ್ಟು ಬರುತ್ತಿತ್ತು.

ಪಂದ್ಯದ ಹಿಂದಿನ ದಿನ ಅವನು ಪಾಠ ಮುಗಿಸಿ ಹೊರಡಲಿಲ್ಲ. ಚೀಲದಿಂದ ಒಂದು ಕೋಲನ್ನೂ ಒಂದು ಚೆಂಡನ್ನೂ ತೆಗೆದು ಮ್ಯಾಟಿನ ಮೇಲಿಟ್ಟ. ಆಚೆ ತುದಿಯಲ್ಲಿ ಕುಳಿಯ ಬದಲಿಗೆ ನೀರಿನ ಲೋಟವನ್ನು ಮಲಗಿಸಿದ.

“ಒಂದೇ ಒಂದು ಹೊಡೆತ ಹೊಡೀರಿ. ನಿಮ್ಮ ಕೈಲಿ ಕೋಲು ನೋಡಿ ಏಳು ವರ್ಷ ಆಯ್ತು.”

“ಬೇಡ.”

“ನನಗೋಸ್ಕರ ಬೇಡ, ನಿಮಗೋಸ್ಕರ.”

ಬೇಡ ಬೇಡ ಎನ್ನುತ್ತಲೇ ಅವಳು ಕೋಲು ಹಿಡಿದಳು. ಬೆರಳುಗಳು ಏನನ್ನೂ ಮರೆತಿರಲಿಲ್ಲ. ಕಾಲು ಅಗಲಿಸಿ, ಉಸಿರು ಬಿಟ್ಟು, ಕೋಲನ್ನು ಚೆಂಡಿನ ಹಿಂದಿಟ್ಟಳು. ಮೆತ್ತನೆಯ ಮ್ಯಾಟು ಒತ್ತಿಕೊಂಡಿತು... ಚೆಂಡು ಅರ್ಧ ಬೆರಳು ಉರುಳಿತು.

ಅವಳು ತಲೆ ಎತ್ತಿದಳು. ಅವನೂ ನೋಡಿದ್ದ. ಏನೂ ಹೇಳದೆ ಅವಳ ಮುಖವನ್ನೇ ನೋಡುತ್ತಿದ್ದ.

ಅದೇ ನೋಟ! ಹದಿನೇಳನೇ ಕುಳಿಯ ಹಾದಿಯ ಆ ಎತ್ತರದ ಹುಲ್ಲಿನಲ್ಲೂ ಹೀಗೇ ನೋಡಿದ್ದ. ಹಿಡಿದುಹಾಕಲು ಹೊಂಚುವವನ ನೋಟ ಅಂತ ಏಳು ವರ್ಷ ತನಗೆ ತಾನೇ ಹೇಳಿಕೊಂಡಿದ್ದಳು. ಅಲ್ಲ... ಅವನು ಕಾಯುತ್ತಿದ್ದ. ಅವಳ ಬಾಯಿಂದ ಒಂದು ಮಾತು ಬರಲಿ ಅಂತ ಆವತ್ತೂ ಕಾದಿದ್ದ.

ಮೇಜಿನ ಮುಂದೆ ಕೂತಾಗ ಅವನು ಎರಡು ಸಲ ಕೇಳಿದ್ದ. “ಹದಿನೇಳನೇದು ಸರಿ ಇದೆಯಾ? ಏನಾದ್ರೂ ಸೇರಿಸಬೇಕಾ?” ಎರಡು ಸಲವೂ ಅವಳು ಇಲ್ಲ ಎಂದಿದ್ದಳು. ಅದನ್ನು ಮಾತ್ರ ಅವಳು ಅಕ್ಕನಿಗೂ ಹೇಳಿರಲಿಲ್ಲ.

“ಚೆಂಡು ಅಲುಗಾಡಿತು,” ಎಂದಳು. “ಆವತ್ತೂ ಅಲುಗಾಡಿತ್ತು. ನಾನು ನೋಡಿದ್ದೆ.”

ಅವನು ಬಗ್ಗಿ ಚೆಂಡನ್ನು ಎತ್ತಿಕೊಂಡ.

“ಇನ್ನೊಂದಿದೆ. ನಾನು ನಿಮಗೆ ಎಡಗಡೆ ಬೇಕಂತಲೇ ಕಲಿಸಿಲ್ಲ. ನಾಳೆ ನಿಮ್ಮ ಸೊಂಟ ಹಿಡ್ಕೋಬೇಕು, ಎಲ್ಲರ ಮುಂದೆ ನೀವು ಸೋಲಬೇಕು ಅಂತ. ನಾಳೆ ಆಡಬೇಡಿ, ದಯವಿಟ್ಟು. ನನ್ನಿಂದಾಗಿ...” ಮುಂದಿನದನ್ನು ಅಳು ನುಂಗಿತು.

ಅವನು ಮೆಲ್ಲಗೆ ಅವಳ ಕೈಯಿಂದ ಕೋಲು ತೆಗೆದುಕೊಂಡು ಗೋಡೆಗೆ ಒರಗಿಸಿದ.

“ಗೊತ್ತು.”

“ಏನು ಗೊತ್ತು?”

“ಎಡಗಡೆ ವಿಷಯ. ಮೊದಲನೇ ದಿನಾನೇ ಗೊತ್ತಾಯ್ತು. ಇಲ್ಲಿ ಬಲಗಡೆ ಮಾಡಿದ್ದನ್ನ ಮನೇಲಿ ಕನ್ನಡಿ ಮುಂದೆ ಎಡಗಡೆ ಮಾಡ್ತಿದ್ದೆ. ಎರಡು ಸಲ ಬಟ್ಟೆ ಸ್ಟ್ಯಾಂಡಿನ ಮೇಲೆ ಬಿದ್ದೆ. ‘ನಿನ್ನ ಟೀಚರಿಗೆ ಒಂದೇ ಕಾಲಾ’ ಅಂತ ಅಮ್ಮ ಕೇಳಿದ್ರು.”

“ಮತ್ತೆ ಯಾಕೆ ಬರ್ತಿದ್ರಿ? ನನ್ನನ್ನ ಯಾಕೆ ಕೇಳಲಿಲ್ಲ?”

“ಆವತ್ತು ನಿಮಗಿಂತ ಮುಂಚೆ ನಾನು ಬಾಯಿಬಿಟ್ಟೆ. ಆ ಕಾರ್ಡು ನನ್ನ ಕೈಯಲ್ಲಿ ಬರೆದದ್ದು, ಸುಳ್ಳಿಗೆ ಸಹಿ ಹಾಕೋಕೆ ಆಗಲಿಲ್ಲ. ಆದ್ರೆ ನಿಮ್ಮ ಜಾಗ ನನಗೇ ಬಂತಲ್ಲ, ಅದು ಇವತ್ತಿಗೂ ಗಂಟಲಲ್ಲಿ ಸಿಕ್ಕಿಕೊಂಡಿದೆ. ಈ ಸಲ ಏನೇ ಆಗಲಿ, ನೀವಾಗಿ ಹೇಳೋ ತನಕ ಕಾಯ್ತೀನಿ ಅಂದ್ಕೊಂಡೆ.”

“ಹೇಳದೇ ಹೋಗಿದ್ರೆ?”

“ನಾಳಿದ್ದೂ ಬರ್ತಿದ್ದೆ. ಬಲಗಡೆ ಮಾಡ್ಕೊಂಡು ಹೋಗ್ತಿದ್ದೆ.” ಅವನ ದನಿ ತಗ್ಗಿತು. “ಏಳು ವರ್ಷದ ಹಿಂದೆ ಬಾಟಲಿ ಕೊಟ್ಟಾಗಲೇ ನಾನು ನಿಮ್ಮನ್ನ ಇಷ್ಟಪಟ್ಟೆ. ಅದು ಬದಲಾಗಲೇ ಇಲ್ಲ.”

ಏಳು ವರ್ಷ ಉರಿಸಿಕೊಂಡು ಬಂದ ಸಿಟ್ಟನ್ನು ಇನ್ನು ಎಲ್ಲಿಡುವುದೆಂದು ಅವಳಿಗೆ ತಿಳಿಯಲಿಲ್ಲ. ಅಲ್ಲೇ ಮ್ಯಾಟಿನ ಮೇಲೆ ಕೂತು ಮನಸಾರೆ ಅತ್ತಳು. ಅವನು ಪಕ್ಕದಲ್ಲಿ ಕೂತ. ಈ ಸಲ ಅವನ ತೋಳು ಹಿಡಿದ ತನ್ನ ಕೈಯ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ.

ಅಷ್ಟರಲ್ಲಿ ಹೊಸ ಶರ್ಟು ಹಿಡಿದು ಅಕ್ಕ ಮೇಲೆ ಬಂದಳು. ಇಬ್ಬರ ಮುಖವನ್ನೂ ನೋಡಿದಳು. “ಏಳಿ, ಹಾಕಿ ನೋಡೋಣ,” ಎಂದಳಷ್ಟೇ.

ಅವನು ಟೀ ಶರ್ಟಿನ ಮೇಲೆಯೇ ಅದನ್ನು ಹಾಕಿಕೊಂಡ. ಬಲಭುಜದ ಹತ್ತಿರ ಬಟ್ಟೆ ಎಳೆದುಕೊಂಡು ಸೊಟ್ಟಗೆ ಕೂತಿತು. ಅಕ್ಕ ಕುತ್ತಿಗೆಯಲ್ಲಿದ್ದ ಟೇಪು ತೆಗೆದು ಅಳೆದಳು, ಮತ್ತೊಮ್ಮೆ ಅಳೆದಳು.

“ಇದೇನ್ರೀ ಇದು? ಇಳಿದ ಭುಜಕ್ಕೆ ಅಂತ ಕಷ್ಟಪಟ್ಟು ಕತ್ತರಿಸಿದ್ರೆ, ಎರಡೂ ಸಮ ಮಾಡ್ಕೊಂಡು ಬಂದಿದ್ದೀರಲ್ಲ. ಈಗ ಪೂರ್ತಿ ಬಿಚ್ಚಿ ಹೊಲೀಬೇಕು.” ಗೊಣಗುತ್ತ ಶರ್ಟು ಕಿತ್ತುಕೊಂಡು ಕೆಳಗೆ ಹೋದಳು.

ಅವಳು ಕಣ್ಣೊರೆಸಿಕೊಂಡು ಎದ್ದು ನಿಂತಳು.

“ಎಡಗಡೆ ಬಾಕಿ ಇದೆ. ಕನ್ನಡಿ ನೋಡ್ಕೊಂಡು ಏನೇನು ತಪ್ಪು ಮಾಡಿದ್ದೀರೋ, ತೋರಿಸಿ.”

ಅವನು ಎಡಕ್ಕೆ ಬಾಗಿದ. ಅವಳು ಅವನ ಭುಜವನ್ನು ತಿದ್ದಿ, ಅಂಗೈ ಅಲ್ಲಿಯೇ ಇಟ್ಟು ಉಸಿರು ಎಣಿಸಿದಳು. ಐದಾದ ಮೇಲೂ ತೆಗೆಯಲಿಲ್ಲ.

“ನಾಳೆ ನನ್ನ ಚೀಲ ಹೊರೋಕೆ ಬರ್ತೀರಾ?” ಬಾಗಿದಲ್ಲಿಂದಲೇ ಕೇಳಿದ.

“ಬರ್ತೀನಿ. ಆದ್ರೆ ನಿಮ್ಮ ಚೆಂಡು ಅಲುಗಾಡಿದ್ರೆ ನಾನು ಸುಮ್ಮನಿರಲ್ಲ, ಹೇಳಿಬಿಡ್ತೀನಿ.”

“ಹೇಳಿ. ಅದಕ್ಕೇ ಕರೀತಿರೋದು.”

“ನಾಳೆ ಒಂದಿನಾನಾ?”

“ನಾಳೆಯಿಂದ,” ಎಂದ ಅವನು.